ಎಸ್.ಪಿ. ರೋಡಿನ ಲೆಕ್ಕ

'ಅಸೆಂಬಲ್' ಎನ್ನುವ ಪದಕ್ಕೆ ಡೆಟ್ರಾಯಿಟಿನಲ್ಲಿ ಒಂದು ಅರ್ಥ, ಬೆಂಗಳೂರಿನಲ್ಲಿ ಅದಕ್ಕೆ ನೇರ ಉಲ್ಟಾ ಅರ್ಥ. ಹೆನ್ರಿ ಫೋರ್ಡ್ 1913ರಲ್ಲಿ ಡೆಟ್ರಾಯಿಟಿಗೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಹಾಕಿಸಿದ. ಅಲ್ಲಿಯವರೆಗೆ ಮಾಡೆಲ್ ಟಿ ಕಾರಿನ ಚಾಸಿ ಜೋಡಿಸಲು ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಮರುವರ್ಷದ ಹೊತ್ತಿಗೆ ಅದು ಒಂದೂವರೆ ಗಂಟೆಗೆ ಇಳಿಯಿತು. 1908ರಲ್ಲಿ 850 ಡಾಲರ್ ಇದ್ದ ಕಾರು ಇಪ್ಪತ್ತರ ದಶಕದಲ್ಲಿ 300 ಡಾಲರಿಗಿಂತ ಕೆಳಗೆ ಬಂತು. ಅಲ್ಲಿ ಅಸೆಂಬಲ್ ಆದದ್ದೆಂದರೆ ಕಂಪನಿಯ ಮಾಲು. ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ನಮ್ಮ ಎಸ್.ಪಿ. ರೋಡಿನಲ್ಲಿ 'ಅಸೆಂಬಲ್ಡ್' ಎಂದರೆ ಕಂಪನಿಯದ್ದಲ್ಲದ ಮಾಲು. 'ಬ್ರಾಂಡೆಡ್ಡಾ, ಅಸೆಂಬಲ್ಡಾ?' ಎಂದು ಅಂಗಡಿಯವನು ಕೇಳಿದರೆ, ದುಡ್ಡು ಹೆಚ್ಚಿದೆಯೋ ಬುದ್ಧಿ ಹೆಚ್ಚಿದೆಯೋ ಎಂದು ಕೇಳಿದ ಹಾಗೆ. ನಾವೆಲ್ಲ ಬುದ್ಧಿಯ ಪಕ್ಷದವರು, ಅಸೆಂಬಲ್ಡ್ ಎನ್ನುತ್ತಿದ್ದೆವು.

ಈ ಎರಡು ಅರ್ಥಗಳು ಮೊನ್ನೆ ಒಂದೇ ಫೋನ್ ಕರೆಯಲ್ಲಿ ಡಿಕ್ಕಿ ಹೊಡೆದವು. ನಾನಿರುವುದು ಶಿಕಾಗೊದ ಪಶ್ಚಿಮಕ್ಕಿರುವ ನೇಪರ್‌ವಿಲ್ಲಿನಲ್ಲಿ. ನನ್ನ ಭಾವಮೈದುನ ಡೆಟ್ರಾಯಿಟಿನ ಹೊರವಲಯದ ನೋವೈಯಲ್ಲಿದ್ದಾನೆ; ಅಲ್ಲಿಗೆ ಹೋದ ಬಹುಪಾಲು ಕನ್ನಡಿಗರಂತೆ ಅವನದೂ ಕಾರಿನ ಸಹವಾಸದ ಕೆಲಸ. 'ಭಾವ, ಹುಡುಗನಿಗೆ ಡೆಸ್ಕ್‌ಟಾಪ್ ಬೇಕಂತೆ. ಐನೂರು ಡಾಲರೊಳಗೆ ಆಗಬೇಕು. ಕೊಂಡುಬಿಡೋದಾ, ನಾವೇ ಅಸೆಂಬಲ್ ಮಾಡೋದಾ?' ಎಂದ. ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವನೇ ಕೊಟ್ಟ: 'ಅಸೆಂಬಲ್ ಮಾಡಿದ್ರೆ ಅರ್ಧಕ್ಕರ್ಧ ಉಳಿಯುತ್ತಲ್ವಾ?'

ನನ್ನ ತಕರಾರಿರುವುದು ಆ ಕೊನೆಯ ಮಾತಿನ ಮೇಲೆ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಕೇಳಿ, ಅತ್ತ ಡೆಟ್ರಾಯಿಟಿನ ಪಂಪ ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಕೇಳಿ, ನಲವತ್ತು ದಾಟಿದ ಗಂಡಸರೆಲ್ಲ ಅದನ್ನೇ ಹೇಳುತ್ತಾರೆ. ಯಾರೂ ಲೆಕ್ಕ ಹಾಕಿ ಹೇಳುವುದಿಲ್ಲ. ಉಪ್ಪಿನಕಾಯಿ ಪುಡಿಯ ಪೊಟ್ಟಣದ ಜೊತೆ ಸೂಟ್‌ಕೇಸಿನಲ್ಲಿ ಬಂದ ನಂಬಿಕೆ ಅದು.

ನಂಬಿಕೆ ಹುಟ್ಟಿದ ಜಾಗದಲ್ಲಿ ಅದು ನಿಜವೇ ಆಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಟೌನ್ ಹಾಲ್ ಕಡೆಯಿಂದ ನಡೆದು ಎಸ್.ಪಿ. ರೋಡಿಗೆ ನುಗ್ಗಿದರೆ, ಒಂದು ಆಳು ಹಿಡಿಸುವಷ್ಟು ಅಗಲದ ಮೆಟ್ಟಿಲು, ಮೇಲೆ ಕೋಳಿಗೂಡಿನಂಥ ಅಂಗಡಿ, ಅಲ್ಲಿ ಕೊಟೇಶನ್ ಎಂಬ ಹೆಸರಿನ ಒಂದು ಚೀಟಿ. ಅದನ್ನು ಹಿಡಿದು ಇನ್ನೂ ನಾಲ್ಕು ಅಂಗಡಿ ತಿರುಗಿ ಚೌಕಾಸಿ ಮಾಡಿದರೆ ಬ್ರಾಂಡೆಡ್ ಬೆಲೆಗಿಂತ ಸಾವಿರಾರು ರೂಪಾಯಿ ಕಡಿಮೆ. ಆ ಉಳಿತಾಯ ಎಲ್ಲಿಂದ ಬರುತ್ತಿತ್ತು ಎಂದು ಆಗ ಯೋಚಿಸಿದವರಿಲ್ಲ. ಈಗ ಬಿಡಿಸಿ ನೋಡಿದರೆ ಸ್ವಲ್ಪ ಮುಜುಗರವಾಗುತ್ತದೆ. 'ಬಿಲ್ ಬೇಕಾ ಸಾರ್?' ಎಂಬ ಪ್ರಶ್ನೆಗೆ 'ಬೇಡ' ಎಂದಾಗ ಒಂದು ಪಾಲು ಉಳಿಯುತ್ತಿತ್ತು, ಅದು ಸರ್ಕಾರಕ್ಕೆ ಹೋಗಬೇಕಾದ ತೆರಿಗೆ. ಹುಡುಗನೊಬ್ಬ ಜೇಬಿನಿಂದ ಸಿ.ಡಿ. ತೆಗೆದು ವಿಂಡೋಸ್, ಆಫೀಸ್, ಜೊತೆಗೆ ನಾಲ್ಕು ಗೇಮನ್ನೂ 'ಲೋಡ್' ಮಾಡಿಕೊಡುತ್ತಿದ್ದ. ಅದು ಇನ್ನೊಂದು ಪಾಲು, ಕಳ್ಳ ಪ್ರತಿ. ಆ ಹುಡುಗನ ಅರ್ಧ ದಿನದ ಕೂಲಿ ನಮ್ಮ ಎರಡು ಮಸಾಲೆದೋಸೆಯ ಬೆಲೆಗಿಂತ ಬಹಳ ಹೆಚ್ಚಿರಲಿಲ್ಲ. ಉಳಿದದ್ದು ಬ್ರಾಂಡೆಡ್ ಕಂಪನಿಗಳು ಪುಟ್ಟ ಮಾರುಕಟ್ಟೆಯಲ್ಲಿ ಹೇರುತ್ತಿದ್ದ ದಪ್ಪ ಲಾಭ. ಬುದ್ಧಿಯ ಪಾಲು ಎಷ್ಟಿತ್ತೋ ದೇವರೇ ಬಲ್ಲ. ನನ್ನ ಮೊದಲ ಅಸೆಂಬಲ್ಡ್ ಮಿಷನ್ನಿಗೆ ಚೀಟಿಯಲ್ಲಿ ಬರೆದ ರ‍್ಯಾಮ್ ಒಂದು, ಒಳಗೆ ಕೂತದ್ದು ಇನ್ನೊಂದು. ಅದು ಗೊತ್ತಾಗುವಾಗ ಎರಡು ವರ್ಷ ಕಳೆದಿತ್ತು.

ಈ ನಾಲ್ಕರಲ್ಲಿ ಒಂದೂ ಅಟ್ಲಾಂಟಿಕ್ ದಾಟಿ ಬರಲಿಲ್ಲ. ಇಲ್ಲಿ ಬಿಲ್ ಬೇಡ ಎನ್ನುವ ಹಾಗಿಲ್ಲ. ಮಿಶಿಗನ್ನಿನಲ್ಲಿ ಮಾರಾಟ ತೆರಿಗೆ ರಾಜ್ಯದುದ್ದಕ್ಕೂ ಶೇಕಡ 6. ಶಿಕಾಗೊ ನಗರದಲ್ಲಿ ರಾಜ್ಯ, ಕೌಂಟಿ, ನಗರ, ಸಾರಿಗೆ ಎಲ್ಲರ ಪಾಲೂ ಸೇರಿ ವರ್ಷಗಟ್ಟಲೆ ಶೇಕಡ 10.25. (ಹಾಗಾದರೆ ಶಿಕಾಗೊದವರು ಮಿಶಿಗನ್ನಿಗೆ ಹೋಗಿ ತಂದರೆ ಲಾಭವಲ್ಲವೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಡೆಟ್ರಾಯಿಟಿಗೆ 280 ಮೈಲಿಯ ಪೆಟ್ರೋಲು ಹಾಗಿರಲಿ, ಇಲಿನಾಯ್ ರಾಜ್ಯದ ದರಕ್ಕೂ ಅಲ್ಲಿ ಕಟ್ಟಿದ್ದಕ್ಕೂ ಇರುವ ವ್ಯತ್ಯಾಸದ ತೆರಿಗೆಯನ್ನು ರಾಜ್ಯಕ್ಕೆ ತಾವಾಗಿಯೇ ಕಟ್ಟಬೇಕೆಂದು ಕಾನೂನಿದೆ.) ವಿಂಡೋಸ್ 11 ಹೋಮ್ ಅನ್ನು ಅಂಗಡಿಯಲ್ಲಿ ಕೊಂಡರೆ 139 ಡಾಲರ್, ಲಕ್ಷಗಟ್ಟಲೆ ಮಿಷನ್ ಮಾರುವ ಕಂಪನಿ ಅದಕ್ಕೆ ಕೊಡುವುದು ಅದಕ್ಕಿಂತ ಬಹಳ ಕಡಿಮೆ. ಕೂಲಿಯ ಮಾತಿಗೆ ಬಂದರೆ, ನಾವು ಊಟದ ಮೇಜಿನ ಮೇಲೆ ಒಂದು ಮಧ್ಯಾಹ್ನವಿಡೀ ಮಾಡುವುದನ್ನು ಕಾರ್ಖಾನೆಯ ಸಾಲು ನಿಮಿಷಗಳಲ್ಲಿ ಮುಗಿಸುತ್ತದೆ. ಉಳಿಸಲಿಕ್ಕೆ ಅಲ್ಲಿ ಕೂಲಿಯೇ ಇಲ್ಲ. ಅಗ್ಗದ ಡೆಸ್ಕ್‌ಟಾಪಿನಲ್ಲಿ ಕಂಪನಿಯ ಲಾಭ ಎಷ್ಟು ತೆಳುವೆಂದರೆ, ಬಿಡಿಭಾಗಗಳನ್ನು ಸಗಟಿನಲ್ಲಿ ಅವರು ಕೊಳ್ಳುವ ದರಕ್ಕೂ ಚಿಲ್ಲರೆಯಲ್ಲಿ ನಾವು ಕೊಳ್ಳುವ ದರಕ್ಕೂ ಇರುವ ಅಂತರವೇ ಅದನ್ನು ನುಂಗಿಹಾಕುತ್ತದೆ.

ಬಾಯಿಮಾತು ಬೇಡ, ಅಂಗಡಿಗೆ ಹೋಗೋಣ. ಈ ವಿಷಯದಲ್ಲಿ ಶಿಕಾಗೊ, ಡೆಟ್ರಾಯಿಟ್ ಎರಡೂ ಪುಣ್ಯ ಮಾಡಿದ ಊರುಗಳು. 1979ರಲ್ಲಿ ಒಹಾಯೊದ ಕೊಲಂಬಸ್ಸಿನಲ್ಲಿ ಶುರುವಾದ ಮೈಕ್ರೊ ಸೆಂಟರ್ ಇಡೀ ಅಮೆರಿಕದಲ್ಲಿ ಇರುವುದು ಮೂವತ್ತರ ಆಸುಪಾಸು. ಅದರಲ್ಲಿ ಒಂದು ಶಿಕಾಗೊದ ಎಲ್ಸ್‌ಟನ್ ಅವೆನ್ಯೂದಲ್ಲಿ, ಒಂದು ನನಗೆ ಹತ್ತಿರದ ವೆಸ್ಟ್‌ಮಾಂಟಿನಲ್ಲಿ, ಇನ್ನೊಂದು ಡೆಟ್ರಾಯಿಟ್ ಪಕ್ಕದ ಮ್ಯಾಡಿಸನ್ ಹೈಟ್ಸಿನಲ್ಲಿ. ಡೌನರ್ಸ್ ಗ್ರೋವಿನಲ್ಲಿ ಫ್ರೈಸ್ ಎಂಬ ಕಡಲಿನಂಥ ಅಂಗಡಿಯಿತ್ತು. 2021ರ ಫೆಬ್ರವರಿಯಲ್ಲಿ ಅದರ ಎಲ್ಲ ಶಾಖೆಗಳೂ ಒಂದೇ ಸಲ ಬಾಗಿಲು ಹಾಕಿದವು. ಈಗ ಬಿಡಿಭಾಗವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆಂದರೆ ಎಸ್.ಪಿ. ರೋಡಿಗೆ ಸಮಾನವಾದ ಜಾಗ ಮೈಕ್ರೊ ಸೆಂಟರೊಂದೇ. ಚೌಕಾಸಿ ಇಲ್ಲ, ಅಷ್ಟೆ. ನಾನು ಮೊದಲ ಸಲ ಹೋದಾಗ 'ಎಸ್‌ಎಂಪಿಎಸ್ ಎಲ್ಲಿದೆ?' ಎಂದು ಕೇಳಿ ಅಲ್ಲಿನ ಹುಡುಗನನ್ನು ಕಂಗಾಲು ಮಾಡಿದ್ದೆ. ಅದಕ್ಕೆ ಇಲ್ಲಿ ಪವರ್ ಸಪ್ಲೈ ಎನ್ನಬೇಕು. 'ಕ್ಯಾಬಿನೆಟ್' ಕೇಳಿದರೆ ಅಡುಗೆಮನೆ ಸಾಮಾನಿನ ಅಂಗಡಿ ತೋರಿಸಿಯಾರು, ಅದು ಕೇಸ್. ಇನ್ನು ಇಡೀ ಪೆಟ್ಟಿಗೆಯನ್ನು 'ಸಿಪಿಯು' ಎನ್ನುವ ನಮ್ಮ ರೂಢಿಯಂತೂ ಇಲ್ಲಿ ಅನರ್ಥಕ್ಕೇ ದಾರಿ.

2025ರ ಬೇಸಿಗೆಯಲ್ಲಿ ಅಲ್ಲಿ ನಿಂತು ನಾನೊಂದು ಪಟ್ಟಿ ಮಾಡಿದ್ದೆ. ಒಳಗೇ ಗ್ರಾಫಿಕ್ಸ್ ಇರುವ, ಆರು ಕೋರಿನ ಹಳೆ ತಲೆಮಾರಿನ ರೈಜನ್ ಪ್ರೊಸೆಸರ್ ಸುಮಾರು 130 ಡಾಲರ್. ಮದರ್‌ಬೋರ್ಡ್ 90. ಹದಿನಾರು ಜಿಬಿ ರ‍್ಯಾಮ್ 40. ಒಂದು ಟಿಬಿ ಎಸ್‌ಎಸ್‌ಡಿ 60. ಕೇಸಿಗೆ 50, ಪವರ್ ಸಪ್ಲೈಗೆ 50. ಒಟ್ಟು 420. ಇಲ್ಲಿಗೆ ನಿಲ್ಲಿಸಿ ಬೆನ್ನು ತಟ್ಟಿಕೊಳ್ಳುವವರೇ ಹೆಚ್ಚು. ವಿಂಡೋಸಿನ 139 ಸೇರಿಸಿದರೆ 559. ತೆರಿಗೆ ಸೇರಿದರೆ ಮಿಶಿಗನ್ನಿನಲ್ಲಿ 593, ಶಿಕಾಗೊದಲ್ಲಿ 616. ಕೀಬೋರ್ಡ್, ಮೌಸ್, ವೈಫೈ ಕಾರ್ಡ್ ಇನ್ನೂ ಬಂದಿಲ್ಲ. ಅದೇ ಅಂಗಡಿಯ ಮುಂಬಾಗಿಲ ಬಳಿ, ಹೆಚ್ಚುಕಡಿಮೆ ಅದೇ ಶಕ್ತಿಯ ಬ್ರಾಂಡೆಡ್ ಪೆಟ್ಟಿಗೆ, ವಿಂಡೋಸ್, ಕೀಬೋರ್ಡ್, ಮೌಸ್, ವೈಫೈ ಸಮೇತ ತೆರಿಗೆಗೆ ಮುನ್ನ 500ರಿಂದ 550ಕ್ಕೆ ಕೂತಿತ್ತು. ಅರ್ಧಕ್ಕರ್ಧ ಉಳಿಯುವ ಮಾತಿರಲಿ, ಕೈಯಿಂದಲೇ ಹೋಗುತ್ತದೆ.

ಲಿನಕ್ಸ್ ಹಾಕಿದರೆ ಆ 139 ಉಳಿಯುವುದಿಲ್ಲವೇ ಎಂದರೆ, ಉಳಿಯುತ್ತದೆ. ಕನ್ನಡವೂ ಅದರಲ್ಲಿ ಈಗ ಸಲೀಸು. ಆದರೆ ಬ್ರಾಂಡೆಡ್ ಪೆಟ್ಟಿಗೆಗೂ ಲಿನಕ್ಸ್ ಹಾಕಬಹುದು, ಹಾಗಾಗಿ ಅದು ಕಟ್ಟುವುದರ ಪರವಾದ ವಾದವಾಗದು.

ಈ ಸೋಲು ಹೊಸತೂ ಅಲ್ಲ. ಇದರ ಅತ್ಯುತ್ತಮ ಸಾಕ್ಷಿ ಇರುವುದು ನನ್ನ ಮನೆಗೂ ಭಾವಮೈದುನನ ಮನೆಗೂ ನಡುವಿನ ಹಾದಿಯಲ್ಲೇ. ಶಿಕಾಗೊದಿಂದ ಐ-94 ಹಿಡಿದು ಮಿಶಿಗನ್ ಸರೋವರವನ್ನು ಬಳಸಿಕೊಂಡು ನೂರು ಮೈಲಿ ಹೋದರೆ ಬೆಂಟನ್ ಹಾರ್ಬರ್ ಎಂಬ ಊರು ಸಿಗುತ್ತದೆ. ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯುವ ವರ್ಲ್‌ಪೂಲ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ. ಹಳಬರಿಗೆ ಮಾತ್ರ ಆ ಊರೆಂದರೆ ಹೀತ್‌ಕಿಟ್, ಹೀತ್ ಕಂಪನಿಯ ಮನೆಯಲ್ಲೇ ಜೋಡಿಸುವ ಎಲೆಕ್ಟ್ರಾನಿಕ್ ಕಿಟ್.

ಹೀತ್ ಕಂಪನಿಯ ಮೂಲ ಶಿಕಾಗೊ. ಎಡ್ವರ್ಡ್ ಹೀತ್ ಎಂಬಾತ ಅಲ್ಲಿ ವಿಮಾನವನ್ನೇ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ. ಕೊಂಡವರು ಮನೆಯಲ್ಲಿ ಜೋಡಿಸಿ ಹಾರಿಸಬೇಕು. ಅದೇನು ಅತಿರೇಕವೆನಿಸುವ ಕಾಲವಲ್ಲ ಅದು. ಅದೇ ಶಿಕಾಗೊದ ಸಿಯರ್ಸ್ ಕಂಪನಿ 1908ರಿಂದ 1940ರವರೆಗೆ ಮನೆಗಳನ್ನೇ ರೈಲಿನ ಬೋಗಿಯಲ್ಲಿ ಬಿಡಿಬಿಡಿಯಾಗಿ ಕಳಿಸುತ್ತಿತ್ತು, ಅಳತೆಗೆ ಕೊಯ್ದ ಮರ, ಮೊಳೆ, ಬಣ್ಣ, ಕೈಪಿಡಿ ಸಮೇತ. ಎಲ್ಜಿನ್, ಡೌನರ್ಸ್ ಗ್ರೋವ್ ಕಡೆ ಅಂಥ ಮನೆಗಳು ಈಗಲೂ ನಿಂತಿವೆ. ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ತೆಗೆದುಕೊಂಡವರು ಇನ್ನೆಲ್ಲೂ ಇರಲಿಕ್ಕಿಲ್ಲ. ಹೀತ್ 1931ರಲ್ಲಿ ಹೊಸ ವಿಮಾನದ ಪರೀಕ್ಷೆಯಲ್ಲೇ ತೀರಿಕೊಂಡ. 1935ರಲ್ಲಿ ಹೊವರ್ಡ್ ಆಂಥನಿ ಎಂಬಾತ ದಿವಾಳಿಯಾದ ಕಂಪನಿಯನ್ನು ಕೊಂಡು ಬೆಂಟನ್ ಹಾರ್ಬರಿಗೆ ತಂದ. ಮಹಾಯುದ್ಧ ಮುಗಿದಾಗ ಸೈನ್ಯದ ಹೆಚ್ಚುವರಿ ಎಲೆಕ್ಟ್ರಾನಿಕ್ ಸಾಮಾನು ರಾಶಿಗಟ್ಟಲೆ ಅಗ್ಗಕ್ಕೆ ಸಿಕ್ಕಿತು. ಅದರಿಂದ 1947ರಲ್ಲಿ ಆತ ಹೊರತಂದದ್ದು, ವಿದ್ಯುತ್ ತರಂಗಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಕಿಟ್. ತಯಾರಾದ ಆಸಿಲೋಸ್ಕೋಪಿಗೆ ನೂರಾರು ಡಾಲರ್ ಬೆಲೆಯಿದ್ದಾಗ ಇದು 50 ಡಾಲರಿನೊಳಗೆ ಬರುತ್ತಿತ್ತು. ಉಳಿತಾಯ ಎಲ್ಲಿಂದ? ಕಚ್ಚಾ ಮಾಲು ಅಗ್ಗ, ಕೂಲಿ ಕೊಂಡವನದೇ. ಆಗ ಒಂದೊಂದು ತಂತಿಯನ್ನೂ ಕೈಯಲ್ಲೇ ಬೆಸುಗೆ ಹಾಕಬೇಕಿತ್ತು. ಆ ಕೂಲಿಯೇ ಬೆಲೆಯ ದೊಡ್ಡ ಪಾಲು. ಕೊಂಡವನು ಅದನ್ನು ತನ್ನ ಭಾನುವಾರದಿಂದ ತೆರುತ್ತಿದ್ದ.

ಅದರ ಕೈಪಿಡಿಗಳನ್ನು ನೋಡಿದವರು ಮರೆಯುವುದಿಲ್ಲ. ಪ್ರತಿ ಹೆಜ್ಜೆಯ ಮುಂದೆ ಖಾಲಿ ಆವರಣ ಚಿಹ್ನೆ. ಈ ರೆಸಿಸ್ಟರನ್ನು ಇಲ್ಲಿ ಬೆಸೆಯಿರಿ, ಆವರಣದೊಳಗೆ ಗುರುತು ಹಾಕಿ, ಮುಂದಿನದಕ್ಕೆ ಹೋಗಿ. 'ನಿಮ್ಮನ್ನು ಸೋಲಲು ಬಿಡುವುದಿಲ್ಲ' ಎಂಬುದು ಕಂಪನಿಯ ಮಾತು. ಈ ತಾಳ್ಮೆಯ ಮೇಲೆ ಮೂರು ದಶಕ ವ್ಯಾಪಾರ ನಡೆಯಿತು.

1977ರಲ್ಲಿ ಹೀತ್‌ಕಿಟ್ ಕಂಪ್ಯೂಟರಿಗೆ ಇಳಿಯಿತು. ಎಚ್8 ಎಂಬ ಕಿಟ್, ಇಂಟೆಲ್ 8080 ಪ್ರೊಸೆಸರ್, ಬೆಲೆ 379 ಡಾಲರ್. ಆ ಬೆಲೆಯೊಳಗೆ ಮೆಮೊರಿ ಇಲ್ಲ! ಮೆಮೊರಿ ಕಾರ್ಡ್ ಬೇರೆ, ಹೊರಗಿನ ಸಾಮಾನು ಜೋಡಿಸುವ ಕಾರ್ಡ್ ಬೇರೆ, ಅಕ್ಷರ ಕಾಣುವ ಟರ್ಮಿನಲ್ ಬೇರೆ. ಅದೇ ವರ್ಷ ರೇಡಿಯೊ ಶ್ಯಾಕ್ ಅಂಗಡಿಗಳಲ್ಲಿ ಟಿಆರ್‌ಎಸ್-80 ಬಂತು: ಕೀಬೋರ್ಡ್, ಪರದೆ, ಕ್ಯಾಸೆಟ್ ರೆಕಾರ್ಡರ್ ಎಲ್ಲ ಸೇರಿ 599.95. ಎಚ್8ಕ್ಕೆ ಟರ್ಮಿನಲ್ ಸೇರಿಸುವಷ್ಟರಲ್ಲೇ ಆ ಮೊತ್ತ ದಾಟಿಹೋಗುತ್ತಿತ್ತು. 420ಕ್ಕೆ ನಿಂತು ಬೆನ್ನು ತಟ್ಟಿಕೊಳ್ಳುವವರ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಕಾಣದು.

1979ರಲ್ಲಿ ಶಿಕಾಗೊ ಸೀಮೆಯದೇ ಆದ ಜೆನಿತ್, ಅದೇ ಟಿ.ವಿ. ಜೆನಿತ್, ಹೀತ್ ಕಂಪನಿಯನ್ನು ಕೊಂಡಿತು. (ನಮ್ಮ ಮುಂಬೈಯ ಜೆನಿತ್ ಕಂಪ್ಯೂಟರ್ಸ್‌ಗೂ ಇದಕ್ಕೂ ಹೆಸರೊಂದೇ, ನಂಟಿಲ್ಲ.) ಆಮೇಲೆ ನಡೆದದ್ದು ನಮ್ಮ ಪ್ರಶ್ನೆಗೆ ಯಾರೋ ಬೇಕೆಂದೇ ಏರ್ಪಡಿಸಿದ ಪ್ರಯೋಗದ ಹಾಗಿದೆ. ಒಂದೇ ಕಂಪ್ಯೂಟರನ್ನು ಎರಡು ರೀತಿಯಲ್ಲಿ ಮಾರಿದರು: ನೀವೇ ಜೋಡಿಸುವುದಾದರೆ ಹೀತ್‌ಕಿಟ್ ಎಚ್89, ಜೋಡಿಸಿದ್ದು ಬೇಕಾದರೆ ಜೆನಿತ್ ಜೆಡ್-89. ಗೆದ್ದದ್ದು ಜೋಡಿಸಿದ್ದು. ಬೆಸುಗೆ ಹಾಕಬೇಕಾದ ನೂರಾರು ಭಾಗಗಳು ಒಂದೊಂದು ಚಿಪ್ಪಿನೊಳಗೆ ಸೇರಿಕೊಂಡವು. ಉಳಿದವನ್ನು ಯಂತ್ರವೇ ಬೋರ್ಡಿಗೆ ಚುಚ್ಚತೊಡಗಿತು. ಕೊಂಡವನ ಭಾನುವಾರಕ್ಕೆ ಬೆಲೆಯೇ ಇಲ್ಲದಾಯಿತು. ಬಿಡಿಭಾಗಗಳನ್ನು ಎಣಿಸಿ ಪೊಟ್ಟಣ ಕಟ್ಟಿ ಕೈಪಿಡಿ ಬರೆಯುವ ಖರ್ಚೇ ಜೋಡಿಸುವ ಖರ್ಚನ್ನು ಮೀರಿಸುವ ಸ್ಥಿತಿ ಬಂತು. 1989ರಲ್ಲಿ ಜೆನಿತ್ ತನ್ನ ಕಂಪ್ಯೂಟರ್ ವ್ಯಾಪಾರವನ್ನು ಫ್ರಾನ್ಸಿನ ಬುಲ್ ಕಂಪನಿಗೆ ಮಾರಿತು. 1992ರಲ್ಲಿ ಹೀತ್‌ಕಿಟ್ ಕಿಟ್ ಮಾರುವುದನ್ನು ನಿಲ್ಲಿಸಿತು. ಅದೇ ದಶಕದಲ್ಲಿ ಎಸ್.ಪಿ. ರೋಡಿನಲ್ಲಿ ಅಸೆಂಬಲ್ಡ್ ಯುಗ ಶುರುವಾಯಿತು ಎನ್ನುವುದು ನನಗೆ ಕುತೂಹಲದ ಸಂಗತಿ. ಅದಾಗಲೇ ಇಲ್ಲಿ ಸತ್ತಿದ್ದ ಲೆಕ್ಕಕ್ಕೆ ಅಲ್ಲಿ ಬೇರೆ ಕಾರಣಗಳು ಜೀವ ಕೊಟ್ಟವು. ನಾವು ಆ ಲೆಕ್ಕವನ್ನು ಮತ್ತೆ ಇಲ್ಲಿಗೇ ಹೊತ್ತು ತಂದೆವು.

ಹಾಗಾದರೆ ಐನೂರು ಡಾಲರೊಳಗೆ ಹೊಸ ಬ್ರಾಂಡೆಡ್ ಕೊಳ್ಳುವುದೇ ಸರಿಯೇ? ಅದೂ ಅಲ್ಲ ಎಂದೇ ನನ್ನ ವಾದ. ಪ್ರಶ್ನೆ ಕೇಳುವಾಗಲೇ ನಾವು ಮೂರನೆಯ ದಾರಿಯನ್ನು ಬಿಟ್ಟಿರುತ್ತೇವೆ. 'ಸೆಕೆಂಡ್ ಹ್ಯಾಂಡ್' ಎಂದರೆ ನಮಗೆ ಅದೇನೋ ಮಡಿ. ಕಾರಾದರೆ ಪರವಾಗಿಲ್ಲ, ಕಂಪ್ಯೂಟರ್ ಬೇಡ.

ವಿಮಾ ಕಂಪನಿ, ಬ್ಯಾಂಕು, ಆಸ್ಪತ್ರೆ, ಕಾರಿನ ಕಚೇರಿಗಳು ತುಂಬಿರುವ ಊರುಗಳಿವು. ಇಂಥ ಕಚೇರಿಗಳು ಡೆಸ್ಕ್‌ಟಾಪುಗಳನ್ನು ಸಾವಿರಗಟ್ಟಲೆ ತರಿಸಿ, ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೇ ಬದಲಿಸುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಹಗಲಿಡೀ ಎಕ್ಸೆಲ್ ತೆರೆದು ಕೂತು ಸಂಜೆ ಐದಕ್ಕೆ ಮಲಗಿದ ಮಿಷನ್ನುಗಳು. ರಿಫರ್ಬಿಶ್ಡ್ ಎಂಬ ಚೀಟಿ ಹೊತ್ತು 150ರಿಂದ 250 ಡಾಲರಿಗೆ ಹೊರಬರುವ ಇವುಗಳ ವಿಂಡೋಸ್ ಪರವಾನಗಿ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ. ಆ 139 ಡಾಲರಿನ ಮಾತೇ ಇಲ್ಲ. ಮಕ್ಕಳ ಶಾಲೆ, ಬ್ಯಾಂಕು, ಊರಿನವರ ಜೊತೆ ವಿಡಿಯೊ ಮಾತು, ಕೂಟದ ಸ್ಮರಣ ಸಂಚಿಕೆಗೆ ಪುಟ ಕಟ್ಟುವುದು, ಇಷ್ಟಕ್ಕೆ ಇದು ಧಾರಾಳ.

ಒಂದು ಎಚ್ಚರ ಮಾತ್ರ ಬೇಕು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ಲಿನ ಎಂಟನೇ ತಲೆಮಾರು ಮತ್ತು ಅದರಾಚೆಯದನ್ನು. ಹಾಗಾಗಿ ಆರು, ಏಳನೇ ತಲೆಮಾರಿನ ಮಿಷನ್ನುಗಳನ್ನು ಕಚೇರಿಗಳು ರಾಶಿ ರಾಶಿ ಹೊರಹಾಕುತ್ತಿವೆ, ಅವೇ ಅತ್ಯಂತ ಅಗ್ಗಕ್ಕೆ ಕಣ್ಣು ಕುಕ್ಕುತ್ತವೆ. 'ಐ5' ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಅದರ ಮುಂದಿನ ಅಂಕಿ ನೋಡಿ. ಐ5-6500 ಎಂದರೆ 2015ರ ನಾಲ್ಕು ಕೋರು. ಐ5-8500 ಎಂದರೆ 2018ರ ಆರು ಕೋರು. ಚೀಟಿಯ ಮೇಲೆ ಇವೆರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಇಷ್ಟು ಹೇಳಿದ ಮೇಲೂ ನಾನು ಕಟ್ಟುವವರ ಪಕ್ಷ ಬಿಟ್ಟಿಲ್ಲ. ಕಟ್ಟುವುದರ ಲಾಭ ಕೊಂಡ ದಿನದ ಬಿಲ್ಲಿನಲ್ಲಿ ಹುಡುಕಿದರೆ ಸಿಗದು. ಅದು ಇರುವುದು ನಾಲ್ಕನೇ ವರ್ಷದಲ್ಲಿ. ಬ್ರಾಂಡೆಡ್ ಪೆಟ್ಟಿಗೆಗಳಲ್ಲಿ, ಅದರಲ್ಲೂ ತೆಳ್ಳಗಿನ ಕಚೇರಿ ಪೆಟ್ಟಿಗೆಗಳಲ್ಲಿ, ಕಂಪನಿಗಳು ತಮ್ಮದೇ ಅಳತೆಯ ಬೋರ್ಡು, ತಮ್ಮದೇ ಆಕಾರದ ಪವರ್ ಸಪ್ಲೈ, ತಮ್ಮದೇ ಪಿನ್ನಿನ ಕನೆಕ್ಟರ್ ಹಾಕಿರುತ್ತವೆ. ಇನ್ನೂರು ವ್ಯಾಟಿನ ಆಸುಪಾಸಿನ ಆ ಸಪ್ಲೈ ಸುಟ್ಟರೆ ಮೈಕ್ರೊ ಸೆಂಟರಿನ ಕಪಾಟಿನಲ್ಲಿರುವ ಯಾವುದೂ ಒಳಗೆ ಕೂರದು. ಒಂದು ಭಾಗ ಹೋದರೆ ಪೆಟ್ಟಿಗೆಯೇ ಹೋದಂತೆ. ಇಲಿನಾಯಿಯಲ್ಲಿ ಅದನ್ನು ಕಸಕ್ಕೂ ಹಾಕುವಂತಿಲ್ಲ, 2012ರಿಂದ ಕಂಪ್ಯೂಟರನ್ನು ಕಸದ ಗುಂಡಿಗೆ ಹಾಕುವುದು ನಿಷಿದ್ಧ. ನೀವೇ ಕಟ್ಟಿದ್ದರೆ ಪ್ರತಿ ಭಾಗವೂ ಎಲ್ಲರೂ ಒಪ್ಪಿದ ಅಳತೆಯದು. ಕೇಸು, ಸಪ್ಲೈ ಹತ್ತು ವರ್ಷ ಉಳಿಯುತ್ತವೆ. ನಡುವೆ ಬೋರ್ಡು, ಪ್ರೊಸೆಸರ್ ಬದಲಾಗುತ್ತವೆ. ವಾರಂಟಿಯೂ ಹಾಗೇ. ಇಡೀ ಬ್ರಾಂಡೆಡ್ ಪೆಟ್ಟಿಗೆಗೆ ಸಾಮಾನ್ಯವಾಗಿ ಒಂದು ವರ್ಷ. ಬಿಡಿಯಾಗಿ ಕೊಂಡರೆ ಪ್ರೊಸೆಸರಿಗೆ ಮೂರು ವರ್ಷ, ಒಳ್ಳೆಯ ಸಪ್ಲೈಗೆ ಐದರಿಂದ ಹತ್ತು.

ಆದರೆ ಈ ನಾಲ್ಕನೇ ವರ್ಷದ ಲಾಭ ಸಿಗುವುದು ಆಗ ಪೆಟ್ಟಿಗೆ ತೆರೆಯುವವರು ಮನೆಯಲ್ಲಿದ್ದರೆ ಮಾತ್ರ. ಒಮ್ಮೆ ಕಟ್ಟಿ, ಬದಿಯ ಗಾಜಿನೊಳಗೆ ಬಣ್ಣದ ದೀಪ ಹಾಕಿ, ಮತ್ತೆಂದೂ ಮುಟ್ಟದೆ ಐದು ವರ್ಷಕ್ಕೆ ಮೂಲೆಗಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ಬೆಟ್ಟ ಅಗೆದು ಇಲಿ ಹಿಡಿದವರು. ಇನ್ನೊಂದು ಕಡೆ, ಕೊಂಡ ಬ್ರಾಂಡೆಡ್ ಪೆಟ್ಟಿಗೆಯನ್ನು ತೆರೆಯಲು ಹೆದರುವವರಿದ್ದಾರೆ: 'ಸ್ಟಿಕ್ಕರ್ ಹರಿದರೆ ವಾರಂಟಿ ಹೋಗುತ್ತಂತೆ.' 1975ರ ವಾರಂಟಿ ಕಾನೂನಿನ ಪ್ರಕಾರ ಹಾಗೆ ಸುಮ್ಮನೆ ಹೋಗುವುದಿಲ್ಲ. 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಅಂಥ ಸ್ಟಿಕ್ಕರ್ ಅಂಟಿಸುವ ಕಂಪನಿಗಳಿಗೆ ಎಚ್ಚರಿಕೆ ಪತ್ರವನ್ನೇ ಬರೆದಿತ್ತು.

'ಮಕ್ಕಳು ಕಲೀಲಿ ಅಂತ' ಎನ್ನುವ ಅಪ್ಪಂದಿರ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಇಂದಿನ ಜೋಡಣೆಯಲ್ಲಿ ಬೆಸುಗೆಯಿಲ್ಲ. ಆಕಾರಕ್ಕೆ ಆಕಾರ ಸೇರಿಸಿ ಒತ್ತುವುದು, ಹತ್ತಿಪ್ಪತ್ತು ತಿರುಪು ಬಿಗಿಯುವುದು. ಅದರಿಂದ ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಎಲ್ಲ ಜೋಡಿಸಿ ಗುಂಡಿ ಒತ್ತಿದ ಮೇಲೆ ಪರದೆ ಕಪ್ಪಗೇ ಉಳಿದಾಗ. ರ‍್ಯಾಮ್ ಪೂರ್ತಿ ಕೂತಿಲ್ಲವೇ? ಪ್ರೊಸೆಸರಿಗೆ ಬೇರೆಯಾಗಿ ಕೊಡಬೇಕಾದ ಎಂಟು ಪಿನ್ನಿನ ವೈರು ಮರೆತೆವೇ? ಹೊಸ ಡಿಡಿಆರ್5 ಮಿಷನ್ನುಗಳು ಮೊದಲ ಸಲ ರ‍್ಯಾಮಿನ ನಾಡಿ ಹಿಡಿದು ನೋಡಿಕೊಳ್ಳಲು ಕೆಲವು ನಿಮಿಷ ಸುಮ್ಮನಿರುತ್ತವೆ. ಅದು ಗೊತ್ತಿಲ್ಲದೆ ಎಲ್ಲ ಕಿತ್ತು ಮತ್ತೆ ಜೋಡಿಸಿದವರ ಕಥೆಗಳಿವೆ, ನನ್ನದೂ ಸೇರಿ. ಒಂದೊಂದೇ ಕಾರಣವನ್ನು ತೆಗೆದುಹಾಕುತ್ತಾ ಹೋಗುವ ಆ ಒಂದು ಗಂಟೆಯ ಕಲಿಕೆಗೆ ನಾನು ದುಡ್ಡು ಕೊಡುತ್ತೇನೆ. ಹಾಗೆಂದು ಅದಕ್ಕೆ ಆರುನೂರು ಡಾಲರಿನ ಹೊಸ ಮಿಷನ್ನೇ ಬೇಕೆಂದಿಲ್ಲ.

ಕಟ್ಟಲೇಬೇಕಾದ ಸಂದರ್ಭವೂ ಒಂದಿದೆ: ಬೇಕಾದದ್ದು ಯಾವ ಅಂಗಡಿಯಲ್ಲೂ ಸಿಗದಿದ್ದಾಗ. 1978ರ ಜನವರಿಯಲ್ಲಿ ಶಿಕಾಗೊ ಹಿಮಪಾತದಲ್ಲಿ ಹೂತುಹೋಗಿದ್ದಾಗ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸ್ಯೂಸ್ ಎಂಬ ಇಬ್ಬರು ಹವ್ಯಾಸಿಗಳು, ಫೋನ್ ಲೈನಿನ ಮೂಲಕ ಯಾರು ಬೇಕಾದರೂ ಸಂದೇಶ ಬಿಟ್ಟುಹೋಗುವ ಕಂಪ್ಯೂಟರೊಂದನ್ನು ಜೋಡಿಸಲು ಕೂತರು. ಫೆಬ್ರವರಿಯಲ್ಲಿ ಅದು ಚಾಲೂ ಆಯಿತು. ಅಂಥದ್ದನ್ನು ಮಾರುವವರೇ ಆಗ ಇರಲಿಲ್ಲ. ಅವರು ಉಳಿತಾಯದ ಲೆಕ್ಕ ಹಾಕಿದಂತಿಲ್ಲ. ಇಂದೂ ವಿಡಿಯೊ ಎಡಿಟಿಂಗಿಗೋ ದೊಡ್ಡ ಗೇಮಿಗೋ ಸಾವಿರ ಡಾಲರ್ ಮೇಲ್ಪಟ್ಟು ಹಾಕುವವರಿಗೆ, ಬೇಕಾದ ಕಡೆ ಹೆಚ್ಚು ಸುರಿದು ಬೇಡದ ಕಡೆ ಕೈ ಬಿಗಿ ಹಿಡಿಯಲು ಕಟ್ಟುವುದೇ ಸರಿ. ನನ್ನ ತಕರಾರು ಬಡ ಬಜೆಟ್ಟಿಗೆ ಅದೇ ಮಂತ್ರ ಹೇಳುವುದರ ಮೇಲೆ.

ಭಾವಮೈದುನನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದ್ದರೆ ಅಕ್ಕನಿಗೆ ದೂರು ಹೋಗುತ್ತಿತ್ತು. ನನ್ನ ಬೇಸಿಗೆಯ ಪಟ್ಟಿಯನ್ನಷ್ಟೇ ಕಳಿಸಿದೆ. ಅವನು ಅದನ್ನು ಹಿಡಿದು ಮ್ಯಾಡಿಸನ್ ಹೈಟ್ಸಿಗೆ ಹೋಗುವಷ್ಟರಲ್ಲಿ ಪಟ್ಟಿಯೂ ಹಳಸಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮಿನ ಬೆಲೆ ಎರಡು ಮೂರು ಪಟ್ಟಾಯಿತು. ಕ್ರೂಶಿಯಲ್ ಹೆಸರಿನಲ್ಲಿ ದಶಕಗಳಿಂದ ನಮ್ಮಂಥವರಿಗೆ ಚಿಲ್ಲರೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ಮುಚ್ಚುವುದಾಗಿ ಡಿಸೆಂಬರಿನಲ್ಲಿ ಸಾರಿತು. ಬೇಸಿಗೆಯಲ್ಲಿ 40 ಡಾಲರಿದ್ದ ಸಾಲನ್ನು ಹೊಡೆದುಹಾಕಿ ಹೊಸ ಅಂಕಿ ಬರೆದು ಫೋಟೊ ಕಳಿಸಿದ್ದ, ಕೆಳಗೆ ಒಂದೇ ಪದ: 'ಭಾವಾ!' ಕಚೇರಿಯಿಂದ ಬಂದ ಹಳೆ ಪೆಟ್ಟಿಗೆಗಳು ಇಂಥ ಹೊತ್ತಿನಲ್ಲಿ ಇನ್ನೂ ದೊಡ್ಡ ಲಾಭ. ಅವುಗಳ ರ‍್ಯಾಮ್ ಹಳೆಯ ಬೆಲೆಗೆ ಕೊಂಡು ಒಳಗೆ ಕೂತಿರುವುದು.

ಕೊನೆಗೆ ಅವರು ತಂದದ್ದು ಎಂಟನೇ ತಲೆಮಾರಿನ ಕಚೇರಿ ಮಿಷನ್ನು. ತೆಳ್ಳಗಿನ ಪೆಟ್ಟಿಗೆ ಬೇಡ, ಎತ್ತರದ ಟವರೇ ಇರಲಿ ಎಂದಷ್ಟು ನಾನು ಹಟ ಹಿಡಿದೆ, ಮುಂದೆ ಏನಾದರೂ ತುರುಕಲು ಜಾಗವಿರಲಿ ಎಂದು. ಹೊರಗೆ ಒಂದೆರಡು ಗೀರು, ಯಾವುದೋ ಆಫೀಸಿನ ಸಾಮಾನು ಸಂಖ್ಯೆಯ ಚೀಟಿ ಅರ್ಧ ಕಿತ್ತಿದ್ದು. ಹುಡುಗನಿಗೆ ಮೊದಲು ಮುಖ ಸಣ್ಣದಾಯಿತಂತೆ, ಬಣ್ಣದ ದೀಪ ಒಂದೂ ಇಲ್ಲವಲ್ಲ. ಜನವರಿಯ ಚಳಿ, ಮನೆಯೊಳಗೆ ಹೀಟರಿನ ಒಣ ಗಾಳಿ. ಬಾಗಿಲ ಹಿಡಿ ಮುಟ್ಟಿದರೂ ಚಟ್ ಎನ್ನುವ ಕಾಲ. ಪೆಟ್ಟಿಗೆ ತೆರೆಯುವುದಾದರೆ ಕಾರ್ಪೆಟ್ಟಿನ ಮೇಲೆ ಬೇಡ, ಅಡುಗೆಮನೆಯ ಟೈಲ್ಸಿನ ಮೇಲೆ ನಿಂತು, ಮೊದಲು ಲೋಹದ ಚೌಕಟ್ಟು ಮುಟ್ಟಿ ಆಮೇಲೆ ಉಳಿದದ್ದು ಮುಟ್ಟು ಎಂದು ಹೇಳಿದ್ದೆ. ಎಸ್.ಪಿ. ರೋಡಿನಲ್ಲಿ ಈ ಮಾತು ಕೇಳಿದ ನೆನಪೇ ನನಗಿಲ್ಲ. ಅಲ್ಲಿನ ಹುಡುಗ ಬೆವರಿದ ಕೈಯಲ್ಲೇ ಎಲ್ಲ ಮಾಡುತ್ತಿದ್ದ, ಏನೂ ಆಗುತ್ತಿರಲಿಲ್ಲ.

ಆ ಭಾನುವಾರ ಸಂಜೆ ಹುಡುಗ ವಿಡಿಯೊ ಕರೆ ಮಾಡಿದ. ಬದಿಯ ತಗಡು ಕಳಚಿ ಅಡುಗೆಕಟ್ಟೆಯ ಮೇಲಿತ್ತು, ಒಳಗೆ ಕಚೇರಿಯ ನಾಲ್ಕು ವರ್ಷದ ಧೂಳು. ಫೋನಿನ ಟಾರ್ಚ್ ಹಿಡಿದು ಒಳಗೆ ಬೆರಳು ತೋರಿಸಿದ: 'ಮಾವ, ಇಲ್ಲಿ ಎರಡು ಸ್ಲಾಟ್ ಖಾಲಿ ಇದಾವಲ್ಲ, ಇವು ಯಾತಕ್ಕೆ?'